ಬದ್ರುದ್ದೀನ್ ತಯ್ಯಬ್ಜಿ: ವಕೀಲ, ಶಾಸಕ, ನ್ಯಾಯಮೂರ್ತಿ

ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಮುಸ್ಲಿಂ ಅಧ್ಯಕ್ಷರು ಯಾರು? ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ಬರುವ ಪ್ರಶ್ನೆ ಇದು. ಬದ್ರುದ್ದೀನ್ ತಯ್ಯಬ್ಜಿ ಎಂದು ಬರೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಹೆಸರಿನ ಹಿಂದಿರುವ ಬದುಕು ಏನು, ಅವರು ಯಾರೊಂದಿಗೆ ವಾದಿಸಿದರು, ಯಾವುದಕ್ಕಾಗಿ ದುಡಿದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅವರು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಮಾಡಿದ ಮೊದಲ ಭಾರತೀಯ ಬ್ಯಾರಿಸ್ಟರ್. ಮುಂಬಯಿ ಪ್ರಾಂತದ ಶಾಸನ ಸಭೆಯ ಸದಸ್ಯರು. ಒಂದು ಶಾಲೆಯನ್ನು ಕಟ್ಟಿ ಬೆಳೆಸಿದವರು. ಕೊನೆಗೆ ಅದೇ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ಕುಳಿತವರು. ಈ ಎಲ್ಲ ಕೆಲಸಗಳಲ್ಲೂ ಅವರು ಒಂದೇ ಮಾತನ್ನು ನಂಬಿದ್ದರು: ನಮ್ಮ ಸಮುದಾಯದ ಹಿತಕ್ಕೂ ನಾಡಿನ ಹಿತಕ್ಕೂ ಜಗಳವಿಲ್ಲ, ಆದರೆ ಎರಡಕ್ಕೂ ದುಡಿಯಬೇಕಾದರೆ ಸಭೆಯ ಒಳಗೆ ಹೋಗಿ ಕುಳಿತುಕೊಳ್ಳಬೇಕು, ಹೊರಗೆ ನಿಂತು ದೂರಬಾರದು. ಈ ನಂಬಿಕೆ ಅವರಿಗೆ ಗೌರವವನ್ನೂ ತಂದಿತು, ನೋವನ್ನೂ ತಂದಿತು.

ಬಾಲ್ಯ ಮತ್ತು ಓದು

ಬದ್ರುದ್ದೀನರು ಹುಟ್ಟಿದ್ದು 1844ರ ಅಕ್ಟೋಬರ್ 10ರಂದು, ಮುಂಬಯಿಯಲ್ಲಿ. ತಂದೆ ಮುಲ್ಲಾ ತಯ್ಯಬ್ ಅಲಿ ಭಾಯಿ ಮಿಯಾ ಅವರು ಗುಜರಾತಿನ ಖಂಭಾತ್ ಮೂಲದ ಸುಲೈಮಾನಿ ಬೋಹ್ರಾ ಮನೆತನಕ್ಕೆ ಸೇರಿದವರು, ವೃತ್ತಿಯಿಂದ ವ್ಯಾಪಾರಿ. ಆ ಕಾಲದಲ್ಲಿ ಮುಂಬಯಿಯ ಅನೇಕ ಮುಸ್ಲಿಂ ವ್ಯಾಪಾರಿಗಳು ಮಕ್ಕಳಿಗೆ ಲೆಕ್ಕ ಬರೆಯುವಷ್ಟು ವಿದ್ಯೆ ಕಲಿಸಿ ಅಂಗಡಿಯಲ್ಲಿ ಕೂರಿಸುತ್ತಿದ್ದರು. ಇಂಗ್ಲಿಷ್ ಓದಿದರೆ ಮಕ್ಕಳು ದೀನ್ ಬಿಟ್ಟಾರು ಎಂಬ ಭಯ ಹಲವರಲ್ಲಿತ್ತು. ತಯ್ಯಬ್ ಅಲಿಯವರು ಹಾಗೆ ಯೋಚಿಸಲಿಲ್ಲ. ಸ್ವತಃ ಧರ್ಮನಿಷ್ಠರಾಗಿದ್ದ ಅವರು, ಮಕ್ಕಳನ್ನು ಹೊಸ ವಿದ್ಯೆಗಾಗಿ ಯುರೋಪಿಗೆ ಕಳುಹಿಸುವ ಧೈರ್ಯ ಮಾಡಿದರು. ಮನೆಯಲ್ಲಿ ಉರ್ದು ಮಾತು ಬಳಕೆಗೆ ಬಂದದ್ದೂ ಅವರ ಆಸಕ್ತಿಯಿಂದಲೇ.

ಬದ್ರುದ್ದೀನರು ಮೊದಲು ಮದರಸಾದಲ್ಲಿ ಉರ್ದು, ಪರ್ಷಿಯನ್ ಕಲಿತರು. ನಂತರ ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಗೆ ಸೇರಿದರು. 1860ರಲ್ಲಿ, ನಮ್ಮ ಕಾಲೇಜಿನ ಪ್ರಥಮ ಪಿಯುಸಿ ವಿದ್ಯಾರ್ಥಿಯ ವಯಸ್ಸಿನಲ್ಲಿ, ಅವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಅದು ತೆರೆದದ್ದು 1869ರಲ್ಲಿ. ಲಂಡನ್ನಿನ ಹೈಬರಿ ನ್ಯೂ ಪಾರ್ಕ್ ಕಾಲೇಜಿನಲ್ಲಿ ಓದಿ, 1863ರಲ್ಲಿ ಕಾನೂನು ಕಲಿಯಲು ಮಿಡ್ಲ್ ಟೆಂಪಲ್ ಸೇರಿದರು. ಅವರ ಅಣ್ಣ ಕಮರುದ್ದೀನ್ ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಓದಿ ಸಾಲಿಸಿಟರ್ ಆಗಿದ್ದರು. ಇಂಗ್ಲೆಂಡಿನಲ್ಲಿ ಆ ಅರ್ಹತೆ ಪಡೆದ ಮೊದಲ ಭಾರತೀಯರು ಅವರೇ. ತಮ್ಮನಿಗೆ ಅಣ್ಣನೇ ದಾರಿ ತೋರಿಸಿದವರು.

ಓದು ಸುಗಮವಾಗಿ ಸಾಗಲಿಲ್ಲ. ಕಣ್ಣಿನ ಕಾಯಿಲೆ ಅವರನ್ನು ಹಿಡಿಯಿತು. 1864ರಲ್ಲಿ ಓದು ನಿಲ್ಲಿಸಿ ಮುಂಬಯಿಗೆ ಮರಳಬೇಕಾಯಿತು. ಇಪ್ಪತ್ತು ವರ್ಷದ ಹುಡುಗನಿಗೆ, ಅದರಲ್ಲೂ ಪುಸ್ತಕವನ್ನೇ ನಂಬಿದವನಿಗೆ, ಕಣ್ಣು ಕೈಕೊಡುವುದು ಎಂದರೆ ಏನೆಂದು ಊಹಿಸಬಹುದು. ಆದರೆ ಮರುವರ್ಷವೇ ಅವರು ಮತ್ತೆ ಲಂಡನ್ನಿಗೆ ಹೋದರು. 1867ರ ಏಪ್ರಿಲ್‌ನಲ್ಲಿ ಬ್ಯಾರಿಸ್ಟರ್ ಆಗಿ, ಅದೇ ವರ್ಷದ ಕೊನೆಗೆ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಆಗ ಅವರಿಗೆ 23 ವರ್ಷ.

ಕೋರ್ಟಿನ ಮೊದಲ ದಿನಗಳು

ಮುಂಬಯಿ ಹೈಕೋರ್ಟ್ ಸ್ಥಾಪನೆಯಾಗಿ ಆಗ ಐದು ವರ್ಷ ಮಾತ್ರ ಆಗಿತ್ತು. ಅದರ ವ್ಯಾಪ್ತಿ ಮುಂಬಯಿ ನಗರಕ್ಕೆ ಸೀಮಿತವಾಗಿರಲಿಲ್ಲ. ಗುಜರಾತ್, ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಧಾರವಾಡ, ಬೆಳಗಾವಿ, ಅಂದಿನ ಕಲಾದಗಿ ಜಿಲ್ಲೆ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮೇಲ್ಮನವಿಗಳೂ ಅಲ್ಲಿಗೇ ಹೋಗುತ್ತಿದ್ದವು. ಉತ್ತರ ಕನ್ನಡ 1862ರಲ್ಲಷ್ಟೇ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೀಗೆ ಅರ್ಧ ಕನ್ನಡ ನಾಡಿನ ಜನರ ಆಸ್ತಿ, ಮಾನ, ಪ್ರಾಣಗಳ ಕೊನೆಯ ತೀರ್ಪು ಆ ಕಟ್ಟಡದಲ್ಲಿ ಬರುತ್ತಿತ್ತು.

ಆದರೆ ನಗರದ ದೊಡ್ಡ ಮೊಕದ್ದಮೆಗಳನ್ನು ನಡೆಸುತ್ತಿದ್ದ ಬ್ಯಾರಿಸ್ಟರುಗಳೆಲ್ಲ ಯುರೋಪಿಯನ್ನರು. ನ್ಯಾಯಾಧೀಶರೂ ಅವರೇ. ಬ್ಯಾರಿಸ್ಟರ್ ಆದವರು ಕಕ್ಷಿದಾರರಿಂದ ನೇರವಾಗಿ ಮೊಕದ್ದಮೆ ತೆಗೆದುಕೊಳ್ಳುವಂತಿರಲಿಲ್ಲ. ಕಕ್ಷಿದಾರರು ಸಾಲಿಸಿಟರ್ ಬಳಿಗೆ ಹೋಗಬೇಕು, ಸಾಲಿಸಿಟರ್ ಕಾಗದಪತ್ರ ಸಿದ್ಧಪಡಿಸಿ ಬ್ಯಾರಿಸ್ಟರಿಗೆ ಒಪ್ಪಿಸಬೇಕು. ಸಾಲಿಸಿಟರುಗಳಲ್ಲೂ ಹೆಚ್ಚಿನವರು ಯುರೋಪಿಯನ್ನರೇ. ಅವರು ತಮ್ಮವರನ್ನು ಬಿಟ್ಟು ಹೊಸ ಭಾರತೀಯ ಹುಡುಗನಿಗೆ ಏಕೆ ಕೆಲಸ ಕೊಟ್ಟಾರು? ಇಂತಹ ಸಂದರ್ಭದಲ್ಲಿ ಅಣ್ಣ ಕಮರುದ್ದೀನ್ ಮುಂಬಯಿಯಲ್ಲಿ ಸಾಲಿಸಿಟರ್ ಆಗಿದ್ದುದು ತಮ್ಮನಿಗೆ ಬಲವಾಯಿತು. ಆದರೆ ಅಣ್ಣನ ಬೆಂಬಲ ಬಾಗಿಲವರೆಗೆ ಮಾತ್ರ. ಒಳಗೆ ನಿಂತು ವಾದಿಸಬೇಕಾದವರು ಇವರೇ. ಕೆಲವೇ ವರ್ಷಗಳಲ್ಲಿ ಬದ್ರುದ್ದೀನರು ಮುಂಬಯಿಯ ಮುಂಚೂಣಿಯ ವಕೀಲರಲ್ಲಿ ಒಬ್ಬರಾದರು. ಅವರು ಗಟ್ಟಿ ದನಿಯಲ್ಲಿ ಅಬ್ಬರಿಸುವ ವಕೀಲರಲ್ಲ. ವಿಷಯವನ್ನು ಕ್ರಮವಾಗಿ ಜೋಡಿಸಿ, ಎದುರಾಳಿಯ ವಾದವನ್ನು ನ್ಯಾಯವಾಗಿ ಒಪ್ಪಿಸಿ, ಆಮೇಲೆ ಅದನ್ನು ಬಿಡಿಸುವವರು.

ಪಟ್ಟಣದ ಕೆಲಸ

ಮೊದಲ ಕೆಲವು ವರ್ಷ ಅವರು ವೃತ್ತಿಗೆ ಮಾತ್ರ ಗಮನ ಕೊಟ್ಟರು. ಬಳಿಕ ಪಟ್ಟಣದ ಕೆಲಸ ಅವರನ್ನು ಕರೆಯಿತು. ಮುಂಬಯಿಯ ತೆರಿಗೆದಾರರು ತಮ್ಮ ನಗರಸಭೆಯಲ್ಲಿ ಚುನಾಯಿತ ಸದಸ್ಯರಿರಬೇಕೆಂದು ಹೋರಾಡಿ, 1872ರ ಕಾನೂನಿನ ಮೂಲಕ ಆ ಹಕ್ಕನ್ನು ಪಡೆದಿದ್ದರು. 1873ರಲ್ಲಿ ಬದ್ರುದ್ದೀನರು ಮುಂಬಯಿ ಮುನಿಸಿಪಲ್ ಕಾರ್ಪೊರೇಷನ್ನಿಗೆ ಆಯ್ಕೆಯಾದರು. ನೀರು, ಚರಂಡಿ, ರಸ್ತೆ, ತೆರಿಗೆ ಇವೇ ಅಲ್ಲಿನ ಚರ್ಚೆಯ ವಿಷಯಗಳು. 1875ರಿಂದ ಮುಂಬಯಿ ವಿಶ್ವವಿದ್ಯಾನಿಲಯದ ಸೆನೆಟಿನಲ್ಲೂ ಅವರಿದ್ದರು.

ಈ ದಿನಗಳಲ್ಲಿ ಅವರ ಜೊತೆಗೂಡಿದವರು ಇಬ್ಬರು. ಒಬ್ಬರು ಪಾರ್ಸಿ ಬ್ಯಾರಿಸ್ಟರ್ ಫಿರೋಜ್‌ಶಾ ಮೆಹ್ತಾ. ಇನ್ನೊಬ್ಬರು ಸಂಸ್ಕೃತ ವಿದ್ವಾಂಸರೂ ವಕೀಲರೂ ಆಗಿದ್ದ ಕಾಶೀನಾಥ ತ್ರ್ಯಂಬಕ ತೆಲಂಗ್. ಒಬ್ಬ ಪಾರ್ಸಿ, ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಮೂವರೂ ಕಾನೂನು ಬಲ್ಲವರು. ಸುಮಾರು ಹದಿನೈದು ವರ್ಷ ಮುಂಬಯಿಯ ಸಾರ್ವಜನಿಕ ಜೀವನದಲ್ಲಿ ಈ ಮೂವರ ಹೆಸರು ಒಟ್ಟಿಗೇ ಕೇಳಿಬರುತ್ತಿತ್ತು. ಸಿವಿಲ್ ಸರ್ವೀಸ್ ಪರೀಕ್ಷೆಯ ವಯೋಮಿತಿಯನ್ನು ಸರ್ಕಾರ 21ರಿಂದ 19ಕ್ಕೆ ಇಳಿಸಿದಾಗ ಭಾರತೀಯ ಹುಡುಗರಿಗೆ ಬಾಗಿಲು ಮುಚ್ಚಿದಂತಾಯಿತು. ಅದನ್ನು ವಿರೋಧಿಸಿದವರಲ್ಲಿ ಬದ್ರುದ್ದೀನರೂ ಇದ್ದರು.

1883ರ ಇಲ್ಬರ್ಟ್ ಮಸೂದೆಯ ಗಲಾಟೆ ಇದಕ್ಕಿಂತ ದೊಡ್ಡದು. ಜಿಲ್ಲೆಗಳಲ್ಲಿ ಭಾರತೀಯ ನ್ಯಾಯಾಧಿಕಾರಿಗಳೂ ಯುರೋಪಿಯನ್ ಆರೋಪಿಗಳನ್ನು ವಿಚಾರಣೆ ಮಾಡಬಹುದು ಎನ್ನುವ ಆ ಮಸೂದೆಯನ್ನು ಯುರೋಪಿಯನ್ನರು ಉಗ್ರವಾಗಿ ವಿರೋಧಿಸಿದರು. ಮಸೂದೆಯನ್ನು ಬೆಂಬಲಿಸಲು ಮುಂಬಯಿಯ ಟೌನ್ ಹಾಲಿನಲ್ಲಿ ಸೇರಿದ ಸಭೆಯಲ್ಲಿ ಈ ಮೂವರೂ ಮಾತಾಡಿದರು. ಎದುರಿನವರು ಭಾರತೀಯರನ್ನು ಹೀನಾಯವಾಗಿ ಬೈಯುತ್ತಿದ್ದ ಹೊತ್ತು ಅದು. ಬದ್ರುದ್ದೀನರು ಬೈಗುಳಕ್ಕೆ ಬೈಗುಳ ಕೊಡಲಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೇ ಅಲ್ಲವೇ ಎಂಬುದನ್ನೇ ವಿಷಯವಾಗಿ ಇಟ್ಟುಕೊಂಡರು. 1885ರ ಜನವರಿಯಲ್ಲಿ ಮೂವರೂ ಸೇರಿ ಬಾಂಬೆ ಪ್ರೆಸಿಡೆನ್ಸಿ ಅಸೋಸಿಯೇಷನ್ ಸ್ಥಾಪಿಸಿದರು.

ಶಾಸನ ಸಭೆಯಲ್ಲಿ

1882ರಲ್ಲಿ ಬದ್ರುದ್ದೀನರು ಮುಂಬಯಿ ಪ್ರಾಂತದ ಶಾಸನ ಸಭೆಗೆ ಸದಸ್ಯರಾದರು. ಇಂದಿನ ವಿಧಾನಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಬಾರದು. ಅದು 1861ರ ಕಾನೂನಿನ ಪ್ರಕಾರ ರಚನೆಯಾದ ಪುಟ್ಟ ಸಭೆ. ಚುನಾವಣೆ ಇಲ್ಲ, ಗವರ್ನರ್ ಹೆಸರಿಸಿದವರೇ ಸದಸ್ಯರು. ಬಜೆಟ್ ಬಗ್ಗೆ ಚರ್ಚಿಸುವಂತಿಲ್ಲ. ಸರ್ಕಾರಕ್ಕೆ ಪ್ರಶ್ನೆ ಕೇಳುವಂತಿಲ್ಲ. ಈ ಎರಡು ಹಕ್ಕುಗಳು ಸೀಮಿತವಾಗಿಯಾದರೂ ಸಿಕ್ಕಿದ್ದು 1892ರಲ್ಲಿ. ಎದುರಿಗೆ ಬಂದ ಮಸೂದೆಯ ಮೇಲೆ ಮಾತಾಡುವುದು, ತಿದ್ದುಪಡಿ ಸೂಚಿಸುವುದು ಇಷ್ಟೇ ಸದಸ್ಯರ ಅಧಿಕಾರ. ಸರ್ಕಾರದ ಕಡೆಯವರೇ ಹೆಚ್ಚಿದ್ದುದರಿಂದ ಮತಕ್ಕೆ ಹಾಕಿದರೆ ಸೋಲು ಖಚಿತ.

ಹಾಗಾದರೆ ಅಲ್ಲಿ ಹೋಗಿ ಕೂರುವುದರಿಂದ ಪ್ರಯೋಜನವೇನು? ಈ ಪ್ರಶ್ನೆಯನ್ನು ಆಗಲೂ ಕೇಳುವವರಿದ್ದರು. ಬದ್ರುದ್ದೀನರಿಗೆ ಪ್ರಯೋಜನ ಕಂಡಿತು. ಕಾನೂನಿನ ಕರಡಿನಲ್ಲಿ ಒಂದು ಪದ ಬದಲಾದರೆ ಸಾವಿರಾರು ಜನರ ಬದುಕು ಬದಲಾಗುತ್ತದೆ ಎಂಬುದು ವಕೀಲರಾದ ಅವರಿಗೆ ಗೊತ್ತಿತ್ತು. ಅವರು ಸದಸ್ಯರಾಗಿದ್ದ ಅವಧಿಯಲ್ಲಿಯೇ ವೈಸ್‌ರಾಯ್ ಲಾರ್ಡ್ ರಿಪ್ಪನ್ನರ ಸ್ಥಳೀಯ ಸ್ವಾಡಳಿತದ ಯೋಜನೆ ಮುಂಬಯಿ ಪ್ರಾಂತದಲ್ಲಿ ಕಾನೂನಿನ ರೂಪ ಪಡೆಯಿತು. 1884ರಲ್ಲಿ ಲೋಕಲ್ ಬೋರ್ಡುಗಳ ಕಾನೂನು ಮತ್ತು ಜಿಲ್ಲಾ ಮುನಿಸಿಪಾಲಿಟಿಗಳ ಕಾನೂನು ಬಂದವು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯ ತಾಲ್ಲೂಕು ಬೋರ್ಡುಗಳು, ಜಿಲ್ಲಾ ಬೋರ್ಡುಗಳು ಈ ಕಾನೂನಿನ ಅಡಿಯಲ್ಲಿ ನಡೆದವು. ರಸ್ತೆ, ಶಾಲೆ, ದವಾಖಾನೆ, ಕುಡಿಯುವ ನೀರು ಇವುಗಳ ಬಗ್ಗೆ ಊರಿನವರೇ ಕುಳಿತು ಮಾತಾಡುವ ಅಭ್ಯಾಸ ಹೀಗೆ ಬೆಳೆಯಿತು. ಇಂದು ನಾವು ಮತ ಹಾಕುವ ಪಂಚಾಯತಿ, ಪುರಸಭೆಗಳ ಬೇರುಗಳಲ್ಲಿ ಇದೂ ಒಂದು.

ಆರೋಗ್ಯ ಮತ್ತೆ ಕೈಕೊಟ್ಟಿತು. 1886ರಲ್ಲಿ ಅವರು ಶಾಸನ ಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು.

ಮೂವರು ಅಧ್ಯಾಪಕರ ಶಾಲೆ

ಬದ್ರುದ್ದೀನರ ಸಾರ್ವಜನಿಕ ಕೆಲಸಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ್ದು ಶಾಲೆಯ ಕೆಲಸ. 1874ರಲ್ಲಿ ಅಣ್ಣ ಕಮರುದ್ದೀನ್ ಮತ್ತು ಇತರ ಹಿರಿಯರೊಂದಿಗೆ ಸೇರಿ ಅವರು ಮುಂಬಯಿಯಲ್ಲಿ ಅಂಜುಮನ್‌ ಎ ಇಸ್ಲಾಂ ಸ್ಥಾಪಿಸಿದರು. ಸರ್ಕಾರಿ ನೌಕರಿಯಲ್ಲಿ, ಕೋರ್ಟಿನಲ್ಲಿ, ಕಾಲೇಜಿನಲ್ಲಿ ಮುಸ್ಲಿಮರ ಸಂಖ್ಯೆ ಬೆರಳೆಣಿಕೆಯಷ್ಟಿತ್ತು. ಇದಕ್ಕೆ ಸರ್ಕಾರವನ್ನು ಮಾತ್ರ ದೂರಿ ಕೂತರೆ ಆಗದು, ನಮ್ಮ ಮಕ್ಕಳನ್ನು ನಾವು ಓದಿಸಬೇಕು ಎಂಬುದು ಅವರ ನಿಲುವು. ಇಂಗ್ಲಿಷ್ ಮತ್ತು ಹೊಸ ವಿದ್ಯೆಗಳ ಜೊತೆಗೆ ಉರ್ದು ಮತ್ತು ಧರ್ಮಶಿಕ್ಷಣವೂ ಒಂದೇ ಸೂರಿನಡಿ ಸಿಕ್ಕರೆ ತಂದೆತಾಯಿಯರ ಭಯ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಆ ಶಾಲೆ ಆರಂಭವಾದಾಗ ಇದ್ದವರು 3 ಅಧ್ಯಾಪಕರು, 120 ವಿದ್ಯಾರ್ಥಿಗಳು. ಸ್ವಂತ ಕಟ್ಟಡವಿರಲಿಲ್ಲ. ದಿನವಿಡೀ ಕೋರ್ಟಿನಲ್ಲಿ ದುಡಿದು ಬಂದ ಬ್ಯಾರಿಸ್ಟರ್ ಸಂಜೆ ಶಾಲೆಯ ಲೆಕ್ಕಪತ್ರ, ಚಂದಾ, ಸರ್ಕಾರಕ್ಕೆ ಬರೆಯಬೇಕಾದ ಅರ್ಜಿಗಳನ್ನು ನೋಡಬೇಕಿತ್ತು. ವರ್ಷಗಳ ಪ್ರಯತ್ನದ ನಂತರ, ಇಂದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎನ್ನುವ ರೈಲ್ವೆ ನಿಲ್ದಾಣದ ಎದುರಿಗೆ ಸಂಸ್ಥೆಯ ಕಟ್ಟಡ ಎದ್ದಿತು. 1890ರಲ್ಲಿ ಅಸ್ತಿಭಾರ, 1893ರಲ್ಲಿ ಉದ್ಘಾಟನೆ. ಆ ಕಟ್ಟಡ ಇಂದಿಗೂ ಇದೆ, ಶಾಲೆ ಇಂದಿಗೂ ನಡೆಯುತ್ತಿದೆ. ಹುಬ್ಬಳ್ಳಿ, ವಿಜಯಪುರ, ಭಟ್ಕಳದಂತಹ ನಮ್ಮ ಊರುಗಳಲ್ಲೂ ಅಂಜುಮನ್ ಎಂಬ ಹೆಸರಿನ ವಿದ್ಯಾಸಂಸ್ಥೆಗಳಿವೆ. ಸಮುದಾಯದ ಹಣದಿಂದ ಶಾಲೆ ಕಟ್ಟಿ ಮಕ್ಕಳನ್ನು ಮುಂದಕ್ಕೆ ತರುವ ಆ ಕಾಲದ ಆಲೋಚನೆ ಎಷ್ಟು ದೂರ ಹಬ್ಬಿತು ಎಂಬುದಕ್ಕೆ ಇವೇ ಸಾಕ್ಷಿ. ನಾವು ಕುಳಿತಿರುವ ತರಗತಿಯೂ ಅಂಥದೇ ಒಂದು ಆಲೋಚನೆಯ ಫಲ.

ಮದ್ರಾಸ್ ಅಧಿವೇಶನ ಮತ್ತು ಒಂದು ದೊಡ್ಡ ವಾದ

1885ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಮುಂಬಯಿಯಲ್ಲೇ ನಡೆದಾಗ ಬದ್ರುದ್ದೀನರು ಊರಿನಲ್ಲಿ ಇರಲಿಲ್ಲ. ಮುಸ್ಲಿಮರು ಬೇಕೆಂದೇ ದೂರ ಉಳಿದರು ಎಂದು ಕೆಲವರು ಬರೆದರು. ಅದು ಸರಿಯಲ್ಲ ಎಂದು ಅವರು ಪತ್ರಿಕೆಗೆ ಬರೆದು ತಿಳಿಸಿದರು. ಎರಡು ವರ್ಷಗಳ ನಂತರ, 1887ರ ಡಿಸೆಂಬರ್ 27ರಂದು ಮದ್ರಾಸಿನಲ್ಲಿ ಆರಂಭವಾದ ಮೂರನೆಯ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು. ದೇಶದ ಮೂಲೆಮೂಲೆಗಳಿಂದ 607 ಪ್ರತಿನಿಧಿಗಳು ಬಂದಿದ್ದರು. ಇಡೀ ನಾಡಿಗೆ ಸಂಬಂಧಿಸಿದ ವಿಷಯಗಳಲ್ಲಿ ಮುಸ್ಲಿಮರು ಬೇರೆ ಸಮುದಾಯಗಳ ಜೊತೆ ಸೇರಿ ದುಡಿಯಲು ಏನು ಅಡ್ಡಿ ಎಂಬುದೇ ಅವರ ಅಧ್ಯಕ್ಷ ಭಾಷಣದ ಮುಖ್ಯ ಪ್ರಶ್ನೆಯಾಗಿತ್ತು. ತಮಗೆ ಯಾವ ಅಡ್ಡಿಯೂ ಕಾಣದು ಎಂದು ಅವರು ಸ್ಪಷ್ಟಪಡಿಸಿದರು.

ಅದೇ ಡಿಸೆಂಬರ್ 28ರಂದು, ದೂರದ ಲಕ್ನೋದಲ್ಲಿ, ಸರ್ ಸಯ್ಯದ್ ಅಹಮದ್ ಖಾನರು ಕಾಂಗ್ರೆಸ್ಸನ್ನು ಬಲವಾಗಿ ವಿರೋಧಿಸಿ ಭಾಷಣ ಮಾಡಿದರು. ಅಲೀಗಢದ ಕಾಲೇಜನ್ನು ಕಟ್ಟಿದ ಸರ್ ಸಯ್ಯದರು ಭಾರತದ ಮುಸ್ಲಿಮರಲ್ಲಿ ಎಲ್ಲರಿಗಿಂತ ಗೌರವ ಪಡೆದ ಹಿರಿಯರು. ಶಿಕ್ಷಣದ ವಿಷಯದಲ್ಲಿ ಬದ್ರುದ್ದೀನರೂ ಅವರೂ ಒಂದೇ ದಾರಿಯವರು. ಆದರೆ ಇಲ್ಲಿ ದಾರಿ ಕವಲೊಡೆಯಿತು. ಬಹುಸಂಖ್ಯಾತರ ಮತದಿಂದ ನಡೆಯುವ ಸಭೆಗಳಲ್ಲಿ, ಶಿಕ್ಷಣದಲ್ಲಿ ಹಿಂದುಳಿದ ಮುಸ್ಲಿಮರು ಮೂಲೆಗೆ ಸರಿಯುತ್ತಾರೆ. ಮೊದಲು ಓದಲಿ, ರಾಜಕೀಯ ಆಮೇಲೆ ಎಂಬುದು ಸರ್ ಸಯ್ಯದರ ಆತಂಕ. 1888ರ ಆರಂಭದಲ್ಲಿ ಇಬ್ಬರ ನಡುವೆ ಪತ್ರಗಳು ಓಡಾಡಿದವು.

ಬದ್ರುದ್ದೀನರು ಹಿರಿಯರನ್ನು ಅವಮಾನಿಸಲಿಲ್ಲ. ಅವರ ಆತಂಕ ಸುಳ್ಳು ಎಂದೂ ಹೇಳಲಿಲ್ಲ. ಮುಸ್ಲಿಮರಿಗೆ ಹಾನಿಯಾಗುವ ಪ್ರಸ್ತಾಪ ಬಂದರೆ ಅದನ್ನು ತಡೆಯಬೇಕಾದದ್ದು ನಿಜ. ಆದರೆ ತಡೆಯುವುದು ಒಳಗಿರುವವರಿಂದ ಸಾಧ್ಯವೇ ಹೊರತು ಹೊರಗಿರುವವರಿಂದಲ್ಲ ಎಂಬುದು ಅವರ ವಾದದ ತಿರುಳು. ಅವರು ವಾದದಲ್ಲೇ ನಿಲ್ಲಲಿಲ್ಲ, ಅದಕ್ಕೊಂದು ನಿಯಮವನ್ನೂ ಹುಡುಕಿದರು. ಹಿಂದೂ ಅಥವಾ ಮುಸ್ಲಿಂ ಪ್ರತಿನಿಧಿಗಳು ಹೆಚ್ಚುಕಡಿಮೆ ಒಮ್ಮತದಿಂದ ಆಕ್ಷೇಪಿಸಿದ ವಿಷಯವನ್ನು ಕಾಂಗ್ರೆಸ್ ಚರ್ಚೆಗೆ ತೆಗೆದುಕೊಳ್ಳಬಾರದು ಎಂಬ ನಿಯಮವನ್ನು 1888ರ ಅಲಹಾಬಾದ್ ಅಧಿವೇಶನ ಒಪ್ಪಿಕೊಂಡಿತು. ಅಲ್ಪಸಂಖ್ಯಾತರ ಭಯವನ್ನು ಭಾಷಣದಿಂದಲ್ಲ, ನಿಯಮದಿಂದ ನಿವಾರಿಸಬೇಕು ಎಂಬ ಒಬ್ಬ ವಕೀಲರ ಬುದ್ಧಿ ಇದರಲ್ಲಿ ಕಾಣುತ್ತದೆ.

ಇಷ್ಟಾದರೂ ಅವರ ಮನಸ್ಸಿನಲ್ಲಿ ಅನುಮಾನ ಬಾರದೆ ಇರಲಿಲ್ಲ. ಮುಸ್ಲಿಮರಲ್ಲಿ ವಿರೋಧ ಹೆಚ್ಚುತ್ತಿರುವುದನ್ನು ಅವರು ಕಣ್ಣಾರೆ ಕಂಡರು. ಅಲಹಾಬಾದ್ ಅಧಿವೇಶನಕ್ಕೆ ಮುಂಚೆ, 1888ರ ಅಕ್ಟೋಬರಿನಲ್ಲಿ, ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿ ಎ. ಒ. ಹ್ಯೂಮ್ ಅವರಿಗೆ ಪತ್ರ ಬರೆದು, ಕಾಂಗ್ರೆಸ್ಸಿನ ಅಧಿವೇಶನಗಳನ್ನು ಕನಿಷ್ಠ ಐದು ವರ್ಷ ನಿಲ್ಲಿಸುವುದು ಒಳ್ಳೆಯದೇನೋ ಎಂದು ಸೂಚಿಸಿದರು. ಈ ಮಧ್ಯೆ ಸಮುದಾಯಗಳ ನಡುವೆ ನಂಬಿಕೆ ಬೆಳೆಯಲಿ ಎಂಬುದು ಅವರ ಆಸೆ. ಆ ಸೂಚನೆಯನ್ನು ಯಾರೂ ಒಪ್ಪಲಿಲ್ಲ. ಅವರು ಮುನಿಸಿಕೊಂಡು ಕಾಂಗ್ರೆಸ್ ಬಿಡಲೂ ಇಲ್ಲ. ಚರಿತ್ರೆಯ ಪುಸ್ತಕಗಳು ಈ ಪತ್ರವನ್ನು ಹೆಚ್ಚಾಗಿ ಹೇಳುವುದಿಲ್ಲ. ಆದರೆ ಇದನ್ನು ಬಿಟ್ಟರೆ ಅವರ ಬದುಕು ಅರ್ಧವಾಗುತ್ತದೆ. ಒಂದು ಕಡೆ ತಮ್ಮ ಸಮುದಾಯ, ಇನ್ನೊಂದು ಕಡೆ ತಾವು ಅಧ್ಯಕ್ಷತೆ ವಹಿಸಿದ ಸಂಸ್ಥೆ. ಎರಡನ್ನೂ ಬಿಡಲಾರದ ಮನುಷ್ಯನ ಸಂಕಟ ಆ ಪತ್ರದಲ್ಲಿದೆ.

ನ್ಯಾಯಪೀಠದಲ್ಲಿ

1895ರಲ್ಲಿ ಬದ್ರುದ್ದೀನರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಆ ಹುದ್ದೆಗೆ ಬಂದ ಮೊದಲ ಮುಸ್ಲಿಮರು ಅವರೇ. ಮಹಾದೇವ ಗೋವಿಂದ ರಾನಡೆಯವರು ಆಗ ಅಲ್ಲಿ ಅವರ ಸಹ ನ್ಯಾಯಮೂರ್ತಿ. ನ್ಯಾಯಮೂರ್ತಿಯಾದ ಮೇಲೆ ರಾಜಕೀಯ ಸಭೆಗಳಿಂದ ದೂರ ಸರಿಯಬೇಕಾಯಿತು. ಆದರೆ ಎರಡೇ ವರ್ಷಗಳಲ್ಲಿ ದೇಶದ ರಾಜಕೀಯವೇ ಅವರ ನ್ಯಾಯಾಲಯಕ್ಕೆ ಬಂದಿತು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಪ್ಲೇಗ್ ಅಧಿಕಾರಿಗಳ ಕಠಿಣ ಕ್ರಮಗಳಿಂದ ಜನ ರೊಚ್ಚಿಗೆದ್ದಿದ್ದರು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಲಾಯಿತು. ಕೆಲವು ದಿನಗಳ ನಂತರ ಅವನು ತೀರಿಕೊಂಡ. ಅದಕ್ಕೆ ಮುಂಚೆ ಕೇಸರಿ ಪತ್ರಿಕೆಯಲ್ಲಿ ಬಂದ ಬರಹಗಳಿಗಾಗಿ ಬಾಲ ಗಂಗಾಧರ ತಿಲಕರ ಮೇಲೆ ಸರ್ಕಾರ ರಾಜದ್ರೋಹದ ಆರೋಪ ಹೊರಿಸಿ ಜುಲೈ ಕೊನೆಯಲ್ಲಿ ಬಂಧಿಸಿತು. ಜಾಮೀನಿನ ಮೊದಲ ಅರ್ಜಿಗಳು ವಜಾ ಆದವು. ಆಂಗ್ಲ ಪತ್ರಿಕೆಗಳು ಕೆಂಡ ಕಾರುತ್ತಿದ್ದವು. ಮೊಕದ್ದಮೆ ಹೈಕೋರ್ಟಿನ ಸೆಷನ್ಸ್ ವಿಚಾರಣೆಗೆ ಒಪ್ಪಿಸಲ್ಪಟ್ಟ ಮೇಲೆ, ಆಗಸ್ಟಿನಲ್ಲಿ, ಬ್ಯಾರಿಸ್ಟರ್ ದಿನ್ಶಾ ದಾವರ್ ಅವರು ತಿಲಕರ ಪರವಾಗಿ ಇನ್ನೊಮ್ಮೆ ಅರ್ಜಿ ಹಾಕಿದರು. ಅದು ಬಂದದ್ದು ನ್ಯಾಯಮೂರ್ತಿ ತಯ್ಯಬ್ಜಿಯವರ ಮುಂದೆ.

ತಿಲಕರಿಗೂ ಬದ್ರುದ್ದೀನರಿಗೂ ರಾಜಕೀಯದ ದಾರಿ ಒಂದೇ ಆಗಿರಲಿಲ್ಲ. 1891ರಲ್ಲಿ ಬಾಲ್ಯವಿವಾಹದ ಕೇಡನ್ನು ತಗ್ಗಿಸಲು ತಂದ ಸಮ್ಮತಿ ವಯಸ್ಸಿನ ಮಸೂದೆಯನ್ನು ತಿಲಕರು ವಿರೋಧಿಸಿದ್ದರು, ಬದ್ರುದ್ದೀನರು ಬೆಂಬಲಿಸಿದ್ದರು. ಆದರೆ ನ್ಯಾಯಪೀಠದಲ್ಲಿ ಅದು ಲೆಕ್ಕಕ್ಕೆ ಬರಬಾರದು. ಆರೋಪಿ ಓಡಿಹೋಗುವ ಸಂಭವವಿದೆಯೇ? ಇಲ್ಲ. ಜೈಲಿನಲ್ಲಿದ್ದು ತನ್ನ ರಕ್ಷಣೆಯನ್ನು ಸರಿಯಾಗಿ ಸಿದ್ಧಪಡಿಸಿಕೊಳ್ಳಬಲ್ಲನೇ? ಅದು ಕಷ್ಟ. ವಿಚಾರಣೆಗೆ ಮುನ್ನವೇ ಶಿಕ್ಷೆ ಕೊಟ್ಟಂತಾಗಬಾರದು. ಈ ನೇರ ತರ್ಕದ ಮೇಲೆ ಅವರು ಜಾಮೀನು ಕೊಟ್ಟರು. ಸರ್ಕಾರ ಮತ್ತು ಯುರೋಪಿಯನ್ ಸಮಾಜ ಏನೆಂದುಕೊಳ್ಳುತ್ತದೆ ಎಂಬುದನ್ನು ಅವರು ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಬೇರೆ ನ್ಯಾಯಮೂರ್ತಿಯ ಮುಂದೆ ವಿಚಾರಣೆ ನಡೆಯಿತು. ಒಂಬತ್ತು ಜನ ಜ್ಯೂರಿಗಳಲ್ಲಿ ಆರು ಯುರೋಪಿಯನ್ನರು ತಿಲಕರನ್ನು ತಪ್ಪಿತಸ್ಥರೆಂದರು, ಮೂವರು ಭಾರತೀಯರು ಅಲ್ಲವೆಂದರು. ತಿಲಕರಿಗೆ 18 ತಿಂಗಳ ಕಠಿಣ ಶಿಕ್ಷೆಯಾಯಿತು. ಮುಂದೆ 1908ರಲ್ಲಿ ತಿಲಕರ ಮೇಲೆ ಎರಡನೆಯ ರಾಜದ್ರೋಹದ ಮೊಕದ್ದಮೆ ನಡೆದಾಗ ನ್ಯಾಯಮೂರ್ತಿಯಾಗಿ ಕುಳಿತಿದ್ದವರು, ಅಂದು ಜಾಮೀನಿಗಾಗಿ ವಾದಿಸಿದ್ದ ಅದೇ ದಾವರ್. ಅವರು ತಿಲಕರಿಗೆ ಆರು ವರ್ಷದ ಶಿಕ್ಷೆ ವಿಧಿಸಿ ಮಂಡಾಲೆಗೆ ಕಳುಹಿಸಿದರು. ಕುರ್ಚಿ ಬದಲಾದಾಗ ಮನುಷ್ಯ ಬದಲಾಗದಿರುವುದು ಎಷ್ಟು ಕಷ್ಟ ಎಂಬುದು ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅರ್ಥವಾಗುತ್ತದೆ. 1902ರಲ್ಲಿ ಬದ್ರುದ್ದೀನರು ಮುಂಬಯಿ ಹೈಕೋರ್ಟಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾದರು. ಆ ಸ್ಥಾನದಲ್ಲಿ ಕುಳಿತ ಮೊದಲ ಭಾರತೀಯರು ಅವರು.

ಮನೆಯಿಂದಲೇ ಆರಂಭ

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ವೇದಿಕೆಯಲ್ಲಿ ಮಾತಾಡುವವರು ಆಗಲೂ ಬಹಳ ಮಂದಿ ಇದ್ದರು. ಬದ್ರುದ್ದೀನರು ಅದನ್ನು ತಮ್ಮ ಮನೆಯಿಂದಲೇ ಆರಂಭಿಸಿದರು. 1865ರಲ್ಲಿ ಅವರು ಮದುವೆಯಾದ ರಾಹತುನ್ನಫ್ಸ್ ಅವರೂ ಇದಕ್ಕೆ ಜೊತೆಗಿದ್ದರು. ತಮ್ಮ ಹೆಣ್ಣುಮಕ್ಕಳನ್ನೆಲ್ಲ ಮುಂಬಯಿಯ ಶಾಲೆಗಳಲ್ಲಿ ಓದಿಸಿದರು. 1904ರಲ್ಲಿ ಇಬ್ಬರು ಮಗಳಂದಿರನ್ನು ಓದಲು ಇಂಗ್ಲೆಂಡಿಗೆ ಕಳುಹಿಸಿದರು. ಗಂಡುಮಕ್ಕಳನ್ನು ಕಳುಹಿಸಲೂ ಜನ ಹೆದರುತ್ತಿದ್ದ ಕಾಲದಲ್ಲಿ ತಂದೆ ತಮಗಾಗಿ ಮಾಡಿದ್ದನ್ನು ಅವರು ಹೆಣ್ಣುಮಕ್ಕಳಿಗಾಗಿ ಮಾಡಿದರು.

1903ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಮುಸ್ಲಿಂ ಶಿಕ್ಷಣ ಸಮ್ಮೇಳನ ನಡೆಯಿತು. ಅದು ಸರ್ ಸಯ್ಯದರು ಕಟ್ಟಿದ ಸಮ್ಮೇಳನ. ಅವರು 1898ರಲ್ಲೇ ತೀರಿಕೊಂಡಿದ್ದರು. ಅಧ್ಯಕ್ಷತೆಗೆ ಕರೆದದ್ದು ಬದ್ರುದ್ದೀನರನ್ನು. ಒಮ್ಮೆ ರಾಜಕೀಯವಾಗಿ ಎದುರುಬದುರಾದವರ ವೇದಿಕೆ ಅದು. ಅವರು ಹೋದರು. ಹೆಣ್ಣುಮಕ್ಕಳ ಶಿಕ್ಷಣ ಬೇಕೆಂದರು. ಹೆಂಗಸರನ್ನು ಮನೆಯೊಳಗೇ ಬಂಧಿಸುವಷ್ಟು ಬಿಗಿಯಾದ ಪರದೆಯನ್ನು ಇಸ್ಲಾಂ ಹೇಳಿಲ್ಲ ಎಂಬ ತಮ್ಮ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. ಸಭಿಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಒಪ್ಪದವರ ಎದುರಿನಲ್ಲಿ ನಿಂತು ಹೇಳಿದ್ದೇ ಇಲ್ಲಿ ಮುಖ್ಯ.

ಕೊನೆಯ ದಿನಗಳು

1906ರಲ್ಲಿ ಅವರು ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಹುಡುಗನಾಗಿ ಓದಲು ಹೋದ ಊರಿನಲ್ಲೇ ಅವರ ಬದುಕು ಮುಗಿಯಿತು. ವಯಸ್ಸು 61. ಅವರು ತೀರಿಕೊಂಡ ನಾಲ್ಕು ತಿಂಗಳಿಗೆ ಢಾಕಾದಲ್ಲಿ ಮುಸ್ಲಿಂ ಲೀಗ್ ಹುಟ್ಟಿತು. ಒಟ್ಟಿಗೆ ಕುಳಿತು ದುಡಿಯಬೇಕೆಂಬ ಅವರ ಆಸೆ ಮುಂದಿನ ದಶಕಗಳಲ್ಲಿ ಬಹಳ ಪೆಟ್ಟು ತಿಂದಿತು. ಆದರೆ ಅದು ಸಾಯಲಿಲ್ಲ. ಅವರ ಮನೆತನದವರೇ ಆದ ಅಬ್ಬಾಸ್ ತಯ್ಯಬ್ಜಿಯವರು ಬರೋಡಾದಲ್ಲಿ ನ್ಯಾಯಾಧೀಶರಾಗಿದ್ದು, ಇಳಿವಯಸ್ಸಿನಲ್ಲಿ ಗಾಂಧೀಜಿಯ ಜೊತೆ ಸೇರಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿ ಬಂಧನವಾದ ಮೇಲೆ ಧರಾಸನದ ಹೋರಾಟದ ನೇತೃತ್ವ ವಹಿಸಿ ಅವರೂ ಜೈಲಿಗೆ ಹೋದರು.

ಬದ್ರುದ್ದೀನರು ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಲೆಕ್ಕ ಹಾಕಿದರೆ ಸೋಲೇ ಹೆಚ್ಚು ಕಾಣಬಹುದು. ಶಾಸನ ಸಭೆಯಲ್ಲಿ ಅವರಿಗೆ ಬಹುಮತ ಇರಲಿಲ್ಲ. ಸರ್ ಸಯ್ಯದರ ಮನಸ್ಸನ್ನು ಬದಲಿಸಲಾಗಲಿಲ್ಲ. ಜಾಮೀನು ಸಿಕ್ಕಿದರೂ ತಿಲಕರು ಜೈಲಿಗೆ ಹೋದರು. ಆದರೂ ಅವರು ಬಿಟ್ಟುಹೋದದ್ದು ಕಡಿಮೆಯೇನಲ್ಲ. ಊರಿನವರೇ ಕುಳಿತು ಊರಿನ ವಿಷಯ ಮಾತಾಡುವ ಬೋರ್ಡುಗಳು, ಅಲ್ಪಸಂಖ್ಯಾತರ ಆತಂಕಕ್ಕೆ ಉತ್ತರವಾಗಿ ಬಂದ ಒಂದು ನಿಯಮ, ವಿಚಾರಣೆಗೆ ಮುನ್ನ ಶಿಕ್ಷೆ ಸಲ್ಲದು ಎಂದು ತೋರಿಸಿದ ಒಂದು ಆದೇಶ, ಮೂವರು ಅಧ್ಯಾಪಕರಿಂದ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಒಂದು ಶಾಲೆ.

ನಮ್ಮಲ್ಲಿ ಕೆಲವರು ಮುಂದೆ ಕಾನೂನು ಓದುವವರಿದ್ದಾರೆ. ಕೆಲವರು ಪಂಚಾಯತಿಗೋ ನಗರಸಭೆಗೋ ನಿಲ್ಲಲೂಬಹುದು. ಉಳಿದವರೆಲ್ಲ ಇನ್ನು ಒಂದೆರಡು ವರ್ಷಗಳಲ್ಲಿ ಮತದಾರರಾಗುತ್ತಾರೆ. ನಮ್ಮ ಮಾತಿಗೆ ಅಲ್ಲಿ ಬೆಲೆ ಇದೆಯೇ, ಹೋಗಿ ಏನು ಪ್ರಯೋಜನ ಎಂಬ ಅನುಮಾನ ಬರುವ ದಿನ ಎಲ್ಲರಿಗೂ ಬರುತ್ತದೆ. ಆ ದಿನ ಪ್ರಶ್ನೆ ಕೇಳುವ ಹಕ್ಕೂ ಇಲ್ಲದ ಸಭೆಗೆ ಹೋಗಿ ಕುಳಿತ ಈ ಬ್ಯಾರಿಸ್ಟರನ್ನು ನೆನೆಯೋಣ. ಒಂದು ಅಂಕದ ಉತ್ತರವಾಗಿ ಕಲಿತ ಹೆಸರು ಆಗ ನಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.